ನಳ ಬರುವ ದಿನ: ಧಾರವಾಡದಲ್ಲಿ ಮನೆ ಹುಡುಕಿದ ನಾಲ್ಕು ದಿನ

ವರ್ಗಾವಣೆ ಆದೇಶ ಕೈಗೆ ಬಂದಾಗ ಮಾರ್ಚ್ ಮುಗಿಯುತ್ತಿತ್ತು. ಬೆಂಗಳೂರಿನಿಂದ ನಾನು ಕೆಲಸ ಮಾಡುವ ಬ್ಯಾಂಕಿನ ಹುಬ್ಬಳ್ಳಿ ಶಾಖೆಗೆ. ಜೂನ್ ಮೊದಲ ವಾರ ಹಾಜರಾಗಬೇಕು. ಮನೆಯಲ್ಲಿ ನಾವು ನಾಲ್ಕು ಜನ. ನಮ್ಮವರದು ಮನೆಯಿಂದಲೇ ಮಾಡುವ ಕೆಲಸ. ಮಗಳು ಆರನೇ ಕ್ಲಾಸಿಗೆ ಹೋಗ್ತಾಳೆ. ಅತ್ತೆಗೆ 74 ವರ್ಷ, ಮಂಡಿ ನೋವು.

ಹುಬ್ಬಳ್ಳಿಯಲ್ಲಿ ಕೆಲಸ ಅಂದಮೇಲೆ ಹುಬ್ಬಳ್ಳಿಯಲ್ಲೇ ಮನೆ ಮಾಡಬೇಕು ಅಂತೇನಿಲ್ಲ. ಹುಬ್ಬಳ್ಳಿ, ಧಾರವಾಡ ಎರಡನ್ನೂ ಸೇರಿಸಿ 1962ರಲ್ಲೇ ಒಂದು ಮಹಾನಗರ ಪಾಲಿಕೆ ಮಾಡಿದ್ದರು. ನಡುವಿನ ದೂರ ಸುಮಾರು 20 ಕಿಲೋಮೀಟರ್. ಬೆಂಗಳೂರಿನಲ್ಲಿ ನಾನು ದಿನಾ ಅಷ್ಟೇ ದೂರ ಓಡಾಡುತ್ತಿದ್ದೆ. ಆದರೆ ಎರಡೂ ಊರಿನ ಸ್ವಭಾವ ಬೇರೆ ಅಂತ ಎಲ್ಲರೂ ಹೇಳ್ತಾರೆ. ಹುಬ್ಬಳ್ಳಿ ವ್ಯಾಪಾರದ ಊರು, ಧಾರವಾಡ ಓದು ಬರಹದ ಊರು. ಫೋನಿನಲ್ಲಿ ಮನೆ ಫೋಟೋ ನೋಡಿ ಅಡ್ವಾನ್ಸ್ ಕಳಿಸೋದು ಬೇಡ, ಹೋಗಿ ನೋಡೇ ಬರೋಣ ಅಂತ ನಾನು ಹಠ ಹಿಡಿದೆ. ಏಪ್ರಿಲ್‌ನಲ್ಲಿ ಎರಡನೇ ಶನಿವಾರ, ಭಾನುವಾರ, ಮಂಗಳವಾರ ಅಂಬೇಡ್ಕರ್ ಜಯಂತಿ. ನಡುವೆ ಸೋಮವಾರ ಒಂದು ರಜೆ ಹಾಕಿದೆ. ಮಗಳನ್ನು ತಂಗಿ ಮನೆಯಲ್ಲಿ ಬಿಟ್ಟೆವು. ಅತ್ತೆ ಮಾತ್ರ ಬಂದೇ ಬರ್ತೀನಿ ಅಂದರು. "ಮನೆ ನೀವು ನೋಡಿ. ಬೀದಿ ನಾನು ನೋಡ್ತೀನಿ."

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ಧಾರವಾಡದಲ್ಲಿ ಇಳಿದೆವು. ಜುಬಿಲಿ ಸರ್ಕಲ್ ಹತ್ತಿರ ಒಂದು ಲಾಡ್ಜಿನಲ್ಲಿ ಸಾಮಾನು ಇಟ್ಟು, ಸ್ನಾನ ಮುಗಿಸಿ, ಮೊದಲು ಹೋಗಿದ್ದು ಮಾಳಮಡ್ಡಿಗೆ. ರೈಲು ನಿಲ್ದಾಣದ ಮಗ್ಗುಲಿನ ಬಡಾವಣೆ ಇದು. ಹಂಚಿನ ಹಳೇ ಮನೆಗಳು, ಮುಂದೆ ಕಟ್ಟೆ, ಅಂಗಳದಲ್ಲಿ ತುಳಸಿ. ಅವುಗಳ ನಡುನಡುವೆ ಹೊಸ ಅಪಾರ್ಟ್‌ಮೆಂಟುಗಳೂ ಎದ್ದಿವೆ. ರಸ್ತೆ ಅಗಲ ಇಲ್ಲ, ಆದರೆ ಗಿಡಮರ ಇದೆ. ಮಡ್ಡಿ ಅಂದರೆ ದಿಬ್ಬ. ಹಾಗಾಗಿ ನಡೆಯುವಾಗ ಸ್ವಲ್ಪ ಏರು ಇಳುಕಲು ಗೊತ್ತಾಗುತ್ತೆ.

ಫೋಟೋದಲ್ಲಿ ನೋಡಿದ್ದ ಮನೆ ಮೊದಲನೇ ಮಹಡಿಯದ್ದು. ಒಳಗೆಲ್ಲಾ ಚೆನ್ನಾಗಿತ್ತು. ಗಾಳಿ, ಬೆಳಕು, ಅಡುಗೆಮನೆಯಲ್ಲಿ ಎರಡು ಕಿಟಕಿ. ಆದರೆ ಮೆಟ್ಟಿಲು ಹೊರಗಡೆ, ಕಡಿದು, ಹಿಡಿಯಲು ಕಂಬಿ ಇಲ್ಲ. ಅತ್ತೆ ಮೂರು ಮೆಟ್ಟಿಲು ಹತ್ತಿ ನಿಂತರು. ಏನೂ ಹೇಳಲಿಲ್ಲ. ಇಳಿದು ಎದುರು ಮನೆಯ ಕಟ್ಟೆ ಮೇಲೆ ಕೂತರು. ನನಗೆ ಅಷ್ಟೇ ಸಾಕಾಯಿತು.

ಎದುರು ಮನೆಯ ಅಜ್ಜಿ ಹೊರಗೆ ಬಂದು ನಮ್ಮನ್ನೆಲ್ಲಾ ಒಳಗೆ ಕರೆದರು. "ಬರ್ರಿ, ಹೊರಗ ಯಾಕ ಕೂತೀರಿ? ಚಹಾ ಕುಡದ ಹೋಗ್ರಿ." ಚಹಾ ಕುಡಿಯುತ್ತಾ ನಾನು ಬಾಡಿಗೆ, ಡಿಪಾಜಿಟ್ಟಿನ ಬಗ್ಗೆ ಕೇಳುತ್ತಿದ್ದೆ. ಅವರು ನನ್ನನ್ನು ತಡೆದರು. "ಅದೆಲ್ಲಾ ಆಮ್ಯಾಲೆ ಕೇಳ್ರಿ ಅಕ್ಕಾರ. ಮೊದ್ಲ ನೀರಿಂದ ಕೇಳ್ರಿ."

ಆ ಮಾತಿಗೆ ನಾನು ಈಗಲೂ ಋಣಿ. ಈ ಊರಿಗೆ ನೀರು ಬರೋದು ಸವದತ್ತಿ ಹತ್ತಿರ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ. ಹುಬ್ಬಳ್ಳಿಗೆ ಅದರ ಜೊತೆ ನೀರಸಾಗರ ಕೆರೆಯೂ ಇದೆ. 2008ರ ಹೊತ್ತಿಗೆ ಎರಡೂ ಊರಿನ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆ ಶುರುವಾಯಿತು. ಉಳಿದ ಕಡೆ ಅದು ಒಂದೇ ಸಲಕ್ಕೆ ಬರಲಿಲ್ಲ. ಅದಕ್ಕೇ ಒಂದು ಕಡೆ ಯಾವಾಗ ತಿರುಗಿಸಿದರೂ ನಳದಲ್ಲಿ ನೀರು ಬರುತ್ತೆ, ಇನ್ನೊಂದು ಕಡೆ ವಾರ ಕಾಯಬೇಕು. ಬಾಡಿಗೆಗೆ ಕೊಡುವವರು ಇದನ್ನು ತಾವಾಗಿ ಹೇಳಲ್ಲ. ನಾವೇ ಕೇಳಬೇಕು, ಅದೂ ಪಕ್ಕದ ಮನೆಯವರನ್ನು ಕೇಳಬೇಕು.

"ನಿಮ್ಮಲ್ಲಿ ನಳ ಯಾವಾಗ ಬರುತ್ತೆ?"

"ಹೋದ ಮಂಗಳವಾರ ಬಂದಿದ್ವು. ಇನ್ನ ಸೋಮವಾರ ಬರ್ತಾವ."

ಇಲ್ಲಿಯವರ ಮಾತಿನಲ್ಲಿ ನೀರು ಬಹುವಚನ. ನೀರು ಬಂದವು, ನೀರು ಹೋದವು. ದೂರದಿಂದ ಬರುವ ನೆಂಟರ ಬಗ್ಗೆ ಮಾತಾಡಿದ ಹಾಗೆ. ಕೇಳಿದಷ್ಟೂ ನನಗೆ ಇಷ್ಟವಾಯಿತು.

ಸಂಜೆ ಸಪ್ತಾಪುರಕ್ಕೆ ಹೋದೆವು. ಒಂದು ಬಡಾವಣೆಯನ್ನು ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟರ ಮೇಲೆ ಒಂದು ಸಲ ನೋಡಲೇಬೇಕು ಅಂತ ನಾನು ಮೊದಲೇ ಅಂದುಕೊಂಡಿದ್ದೆ. ಸಪ್ತಾಪುರದಲ್ಲಿ ಅದು ಯಾಕೆ ಅಂತ ಚೆನ್ನಾಗಿ ಗೊತ್ತಾಯಿತು. ಹಗಲಲ್ಲಿ ಅದು ಸಾಧಾರಣ ಬಡಾವಣೆ. ಕತ್ತಲಾದಮೇಲೆ ಬೀದಿ ತುಂಬಾ ಹುಡುಗರು, ಹುಡುಗಿಯರು. ಕಂಕುಳಲ್ಲಿ ಪುಸ್ತಕ, ಕೈಯಲ್ಲಿ ಚಹಾ ಕಪ್ಪು. ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಎಲ್ಲಾ ಜಿಲ್ಲೆಗಳಿಂದ ಬಂದವರು. ಕೋಚಿಂಗ್ ಸೆಂಟರ್, ಓದುವ ಕೋಣೆಗಳು, ಝೆರಾಕ್ಸ್ ಅಂಗಡಿ, ಖಾನಾವಳಿ. ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ತಿಂದೆವು. ಪಕ್ಕದಲ್ಲಿ ಕೂತಿದ್ದ ಹುಡುಗ ಊಟ ಮಾಡುತ್ತಲೇ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದ. ರಾಯಚೂರು ಕಡೆಯವನು, ಇದು ಮೂರನೇ ವರ್ಷ ಅಂದ. ಅವನಿಗೆ ಕೆಲಸ ಸಿಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಒಂದೊಂದು ಕೋಣೆಗೂ ಇಷ್ಟು ಬೇಡಿಕೆ ಇರುವ ಕಡೆ ಸಂಸಾರಕ್ಕೆ ಮನೆ ಸಿಗೋದು ಕಷ್ಟ. ಸಿಕ್ಕರೂ ಬಾಡಿಗೆ ಜಾಸ್ತಿ.

ಭಾನುವಾರ ಬೆಳಿಗ್ಗೆ ಸಾಧನಕೇರಿ. ಬೇಂದ್ರೆಯವರ ಮನೆ ಇರೋದು ಇಲ್ಲೇ, ಪಕ್ಕದಲ್ಲೇ ಬೇಂದ್ರೆ ಭವನ, ಎದುರಿಗೆ ಕೆರೆ. ಕೆರೆ ಸುತ್ತ ಬೆಳಗಿನ ವಾಕಿಂಗ್‌ಗೆ ಬಂದವರು. ಅಲ್ಲಿಂದ ಕಲ್ಯಾಣನಗರ, ವಿಶ್ವವಿದ್ಯಾಲಯದ ಕಡೆಯ ಬೀದಿಗಳು, ಕೆಲಗೇರಿ ಕೆರೆ. ರಸ್ತೆ ಅಗಲ, ಮನೆಗಳ ನಡುವೆ ಜಾಗ, ಮಾವಿನ ಮರ. ನಮ್ಮವರಿಗೆ ಈ ಕಡೆ ಬಹಳ ಹಿಡಿಸಿತು. ಮನೆಯೊಂದರ ಮಾಲೀಕರು ಇಂಟರ್ನೆಟ್ಟಿನ ವೇಗ ತಾವೇ ತೋರಿಸಿದರು. ನೀರೂ ಚೆನ್ನಾಗಿದೆ ಅಂದರು. ಆದರೆ ತರಕಾರಿ ಅಂಗಡಿ ಎಲ್ಲಿ ಅಂತ ಅತ್ತೆ ಕೇಳಿದಾಗ, "ಗಾಡಿ ಮ್ಯಾಲೆ ಹೋಗಿ ಬರ್ಬೇಕ್ರಿ" ಅಂದರು. ನಾನು ಆಫೀಸಿನಲ್ಲಿ, ನಮ್ಮವರು ಲ್ಯಾಪ್‌ಟಾಪ್ ಮುಂದೆ. ಅತ್ತೆ ಇಡೀ ದಿನ ಯಾರ ಮುಖ ನೋಡಿಕೊಂಡು ಇರಬೇಕು? ಮುದುಕರನ್ನು ಕರೆದುಕೊಂಡು ಊರು ಬದಲಿಸುವವರು ಇದೊಂದನ್ನು ಮರೆಯಬಾರದು. ನಮಗೆ ಕೆಲಸ ಇರುತ್ತೆ, ಮಕ್ಕಳಿಗೆ ಶಾಲೆ ಇರುತ್ತೆ. ಅವರ ಪಾಲಿಗೆ ಬೀದಿಯೇ ಊರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಹತ್ತಿದೆವು. ಎರಡೂ ಊರಿನ ನಡುವೆ, ಹೆಚ್ಚಿನ ಕಡೆ ತನ್ನದೇ ದಾರಿಯಲ್ಲಿ ಓಡುವ ಎಸಿ ಬಸ್ಸಿಗೆ ಇಲ್ಲಿ ಇಟ್ಟ ಹೆಸರು ಇದು. ಚಿಗರಿ ಅಂದರೆ ಜಿಂಕೆ. ಎಲ್ಲಾ ನಿಲ್ದಾಣದಲ್ಲೂ ನಿಲ್ಲುವ ಬಸ್ಸು ಬೇರೆ, ನಡುವೆ ನಿಲ್ಲದೆ ಹೋಗುವ ಬಸ್ಸು ಬೇರೆ. ನಾವು ಬೇಕೆಂದೇ ಎಲ್ಲಾ ಕಡೆ ನಿಲ್ಲುವುದನ್ನು ಹತ್ತಿದೆವು. ಟೋಲ್ ನಾಕಾ, ವಿದ್ಯಾಗಿರಿ, ಸತ್ತೂರು, ನವನಗರ, ಉಣಕಲ್. ಮುಕ್ಕಾಲು ಗಂಟೆಯ ಮೇಲೆ ಐದು ನಿಮಿಷಕ್ಕೆ ಹುಬ್ಬಳ್ಳಿ ಬಂತು. ಕೆಲಸದ ದಿನ, ಕೆಲಸದ ಹೊತ್ತಿನಲ್ಲೇ ಹೋಗಿ ನೋಡಿದ್ದು ಒಳ್ಳೆಯದಾಯಿತು. ಭಾನುವಾರ ಹೋಗಿದ್ದರೆ ತಪ್ಪು ಲೆಕ್ಕ ಸಿಗುತ್ತಿತ್ತು.

ಹುಬ್ಬಳ್ಳಿಯಲ್ಲಿ ವಿದ್ಯಾನಗರ, ಕೇಶ್ವಾಪುರ ನೋಡಿದೆವು. ಕೇಶ್ವಾಪುರದಲ್ಲಿ ಎಲ್ಲವೂ ಕೈಗೆಟುಕುತ್ತೆ. ಅಂಗಡಿ, ಆಸ್ಪತ್ರೆ, ಶಾಲೆ. ಆದರೆ ಏಪ್ರಿಲ್ ಬಿಸಿಲು, ಧೂಳು, ಹಾರ್ನ್. ಹನ್ನೆರಡು ಗಂಟೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಬರುವಾಗ ನವನಗರದಲ್ಲಿ ಇಳಿದೆವು. ಎರಡೂ ಊರಿಗೆ ನಡುವೆ, ಅಚ್ಚುಕಟ್ಟಾದ ಬಡಾವಣೆ. ಒಂದು ಮನೆ ಒಪ್ಪಿಗೆಯೂ ಆಗಿತ್ತು. ನನ್ನ ಓಡಾಟ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಅದನ್ನು ಪಟ್ಟಿಯಲ್ಲಿ ಎರಡನೆಯದಾಗಿ ಬರೆದುಕೊಂಡೆ.

ಮೊದಲನೆಯದು ಯಾವುದು ಅಂತ ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. "ಇವತ್ತು ಸೋಮವಾರ ಅಲ್ವಾ? ಮಾಳಮಡ್ಡಿಯಲ್ಲಿ ನೀರು ಬರುತ್ತೆ. ನೋಡೋಣ ನಡಿ."

ನಾಲ್ಕೂವರೆಗೆ ಮೋಡ ಕವಿಯಿತು. ಐದಕ್ಕೆ ಅಡ್ಡಮಳೆ. ಮುಂಗಾರಿಗೆ ಮೊದಲು ಸಂಜೆ ಹೊತ್ತು ಗುಡುಗಿನ ಜೊತೆ ಬರುವ ಮಳೆಗೆ ಇಲ್ಲಿ ಹಾಗೆ ಅಂತಾರೆ. ಕರೆಂಟ್ ಹೋಯಿತು. ಆಟೋದಲ್ಲಿ ಕೂತು ಬೀದಿ ಬೀದಿ ನೋಡಿದೆವು. ಯಾವ ತಿರುವಿನಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಚರಂಡಿ ಉಕ್ಕುತ್ತೆ ಅಂತ ಕಣ್ಣಾರೆ ಕಂಡಿತು. ಮಾಳಮಡ್ಡಿಯ ಅಜ್ಜಿಯ ಬೀದಿಯಲ್ಲಿ ಮಳೆನೀರು ಇಳುಕಲಿನಲ್ಲಿ ಹರಿದು ಹೋಗಿತ್ತು, ನಿಂತಿರಲಿಲ್ಲ.

ಏಳು ಗಂಟೆ ಇರಬೇಕು. ಅಜ್ಜಿಯ ಹಿತ್ತಲಿನಲ್ಲಿ ನೀಲಿ ಬ್ಯಾರಲ್ಲು ಎರಡು, ತಾಮ್ರದ ಹಂಡೆ ಒಂದು, ಕೊಡಗಳು ಐದಾರು ಸಾಲಾಗಿ ನಿಂತಿದ್ದವು. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಮೇಣದ ಬತ್ತಿ ಬೆಳಕಿಗೆ ಹೊಳೆಯುತ್ತಿತ್ತು. ನಳ ಮೊದಲು ಉಸಿರು ಬಿಟ್ಟ ಹಾಗೆ ಬುಸ್ ಅಂದಿತು. ಗಾಳಿ ಹೋಯಿತು. ಆಮೇಲೆ ಕೆಂಪು ನೀರು ಸ್ವಲ್ಪ. ಅದನ್ನು ಗಿಡಕ್ಕೆ ಬಿಟ್ಟರು. ನೀರು ತಿಳಿಯಾದಮೇಲೆ ಮೊದಲ ಕೊಡ ದೇವರಮನೆಗೆ, ಎರಡನೆಯದು ಕುಡಿಯಲು, ಆಮೇಲೆ ಪೈಪು ಸಂಪಿಗೆ. ಆಚೆ ಮನೆಯಿಂದ "ನಳ ಬಂತ್ರೀ?" ಅಂತ ಕೂಗು. ಈ ಕಡೆಯಿಂದ "ಬಂದಾವ ಬಂದಾವ!" ಬೀದಿಯ ಎಲ್ಲಾ ಹಿತ್ತಲುಗಳಲ್ಲೂ ಕೊಡ ತುಂಬುವ ಸದ್ದು. ಅತ್ತೆ ಸೆರಗು ಸಿಕ್ಕಿಸಿಕೊಂಡು ಒಂದು ಕೊಡ ಹಿಡಿದೇಬಿಟ್ಟರು. ಅವರು ಬೆಳೆದದ್ದು ಚಿತ್ರದುರ್ಗದ ಕಡೆ, ಬಾವಿ ಬತ್ತುವ ಊರಿನಲ್ಲಿ. ಇಪ್ಪತ್ತು ವರ್ಷ ಬೆಂಗಳೂರಿನ ಮನೆಯಲ್ಲಿ ಅವರ ಮುಖ ಇಷ್ಟು ಬಿಚ್ಚಿಕೊಂಡಿದ್ದನ್ನು ನಾನು ನೋಡಿರಲಿಲ್ಲ.

ನೀರು ತುಂಬುವ ಮಾತಿನ ನಡುವೆಯೇ ಗೊತ್ತಾಯಿತು: ಮೂರನೇ ಮನೆಯ ಹಿಂಭಾಗ ಮೇ ಕೊನೆಗೆ ಖಾಲಿಯಾಗುತ್ತೆ. ಬಾಡಿಗೆಯವರು ಬೆಳಗಾವಿಗೆ ಹೋಗ್ತಿದ್ದಾರೆ. ನೆಲಮಹಡಿ. ಬೋರ್ಡು ಹಾಕಿಲ್ಲ, ಫೋನಿನಲ್ಲೂ ಇಲ್ಲ.

ಮಂಗಳವಾರ ಬೆಳಿಗ್ಗೆ ಹೋಗಿ ನೋಡಿದೆವು. ಎರಡು ಕೋಣೆ, ಸಣ್ಣ ಪಡಸಾಲೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಸಂಪು ದೊಡ್ಡದು. ಮುಚ್ಚಳ ತೆಗೆಸಿ, ಕೋಲು ಇಳಿಬಿಟ್ಟು ಆಳ ನೋಡಿದೆ. ನಮ್ಮವರು ಒಂದು ಗಂಟೆ ಕೂತು ಇಂಟರ್ನೆಟ್ ಪರೀಕ್ಷೆ ಮಾಡಿದರು. ಕೆ.ಇ. ಬೋರ್ಡ್ ಶಾಲೆಗೆ ಮಗಳು ನಡೆದು ಹೋಗಬಹುದು. ವನವಾಸಿ ರಾಮಮಂದಿರಕ್ಕೆ ಅತ್ತೆ ನಿಧಾನಕ್ಕೆ ನಡೆದು ಹೋಗಿ ಬಂದರು, ದಾರಿಯಲ್ಲಿ ಎರಡು ಕಡೆ ಕೂರಲು ಕಟ್ಟೆ ಇದೆ ಅಂದರು. ನನಗೆ ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ಹತ್ತು ನಿಮಿಷ. ನವನಗರಕ್ಕಿಂತ ಅರ್ಧ ಗಂಟೆ ಜಾಸ್ತಿ. ಆ ಅರ್ಧ ಗಂಟೆ ನನ್ನದು, ನಾನು ಕೊಡ್ತೀನಿ ಅಂದೆ.

ಅಡ್ವಾನ್ಸ್ ಕೊಟ್ಟಾಗ ಮನೆಯೊಡೆಯರು ಚೀಟಿ ಬರೆದುಕೊಟ್ಟರು. ಆಮೇಲೆ ಅಂದರು, "ಸಂಪ್ ಅದ ಖರೆ. ಆದ್ರೂ ಒಂದ ಬ್ಯಾರಲ್ ಇರಲಿ ಅಕ್ಕಾರ. ಬ್ಯಾಸಗ್ಯಾಗ ಬೇಕಾಗ್ತದ."

ರೈಲಿಗೆ ಇನ್ನೂ ಹೊತ್ತಿತ್ತು. ಲೈನ್ ಬಜಾರಿನಲ್ಲಿ ಮಗಳಿಗೆ, ತಂಗಿ ಮನೆಗೆ ಪೇಡಾ ಕಟ್ಟಿಸಿದೆವು. ಅಲ್ಲಿಂದ ಸುಭಾಷ್ ರಸ್ತೆಯ ಕಡೆ ನಡೆದು 200 ಲೀಟರಿನ ನೀಲಿ ಬ್ಯಾರಲ್ ಒಂದನ್ನು ಕೊಂಡೆವು. ಆಟೋದವರು ಅದನ್ನು ಹಿಂದೆ ಹಗ್ಗ ಹಾಕಿ ಕಟ್ಟಿದರು. ಮಾಳಮಡ್ಡಿಯ ಅಜ್ಜಿ ತಮ್ಮ ಹಿತ್ತಲಿನ ಸಾಲಿನಲ್ಲಿ, ತಮ್ಮ ಎರಡು ಬ್ಯಾರಲ್ಲುಗಳ ಪಕ್ಕಕ್ಕೆ ಅದನ್ನು ನಿಲ್ಲಿಸಿಕೊಂಡರು. "ರವಿವಾರ ಬರ್ತಾವ," ಅಂದರು. "ನಿಮ್ಮದೂ ತೊಳದ ತುಂಬಿಸಿಡ್ತೀನಿ. ಸೋರ್ತದೋ ಏನೋ ನೋಡೇಬಿಡೂಣು."