ಎಡಗಡೆ ರೆಕ್ಕಿ

ಎರಡು ದಿನ ಗದಗಿಗೆ ಹೋಗಿದ್ದೆ. ಲಕ್ಕುಂಡಿ ನೋಡಿದೆ, ತ್ರಿಕೂಟೇಶ್ವರ ನೋಡಿದೆ, ಅವುಗಳ ಬಗ್ಗೆ ಬರಿಯೋರು ಬೇಕಾದಷ್ಟು ಮಂದಿ ಇದಾರ ಬಿಡ್ರಿ. ನನ್ನ ತಲಿಯಾಗ ಉಳದದ್ದು ಊರ ಹೊರಗ ಗಾಯ ಆದ ಪ್ರಾಣಿ-ಪಕ್ಷಿ ನೋಡ್ಕೊಳ್ಳೋ ಒಂದು ಪುನರ್ವಸತಿ ಕೇಂದ್ರದಾಗ ಪರ್ಮಿಷನ್ ತಗೊಂಡು ಸ್ಕೆಚ್ ಮಾಡ್ಕೋತ ಕುಂತ ಒಂದ ಮುಂಜಾನಿ.

ಸ್ಕೆಚ್ ಬುಕ್ಕಿಗೆ ಕ್ಲಿಪ್ ಹಾಕ್ಕೊಂಡ ಹೋಗ್ರಪಾ! ಗದಗಿನ ಗಾಳಿಗೆ ಬಿಳಿ ಹಾಳಿ ಪಟಪಟ ಬಡದು, ಹದ್ದು ಹೆದರಿ ಜಾಳಗಿಗೆ ಬಡಕೊಂತು. ನೋಡ್ಕೊಳ್ಳೋ ಅಣ್ಣಾರು ಬೈಲಿಲ್ಲ, ಸುಮ್ನ ನನ್ನ ಕುರ್ಚಿ ಎತ್ತಿ ದೂರ ಗೋಡಿಗೆ ಹಚ್ಚಿ ಇಟ್ರು. ಬೈದಿದ್ರ ಚೊಲೋ ಇತ್ತು.

ಗೂಬಿ ಬರಿಯೋದು ಸುಖ. ಅದರ ಕಣ್ಣಗುಡ್ಡಿ ಹೊಳ್ಳೋದಿಲ್ಲ, ನೋಡಬೇಕಂದ್ರ ಕುತ್ತಿಗಿನ ಹೊಳ್ಳಸಬೇಕು, ಹಂಗಾಗಿ ಒಂದ ಕಡೆ ನೋಡ್ಕೋತ ಕುಂತ್ರ ಕುಂತ ಬಿಡತದ. ಹದ್ದು ಹಂಗಲ್ಲ, ಕಣ್ಣು ಬರಿಯಾಕ ಪೆನ್ಸಿಲ್ ಇಟ್ರ ಸಾಕು, ಪಕ್ಕದಿಂದ ತೆಳ್ಳನ ಮೂರನೇ ರೆಪ್ಪಿ ಸರ್ರಂತ ಬಂದು ಹೋಗತದ, ಕಣ್ಣಿನ ಹೊಳಪು ಎಲ್ಲಿತ್ತು ಅನ್ನೋದ ಮರತು ಹೋಗತದ.

ಒಂದು ತಾಸಿಗೆ ಒಂದು ಹದ್ದು ಮುಗೀತು. ಅಣ್ಣಾರು ಹಿಂದ ಬಂದು ನಿಂತ್ರು.

"ಅಕ್ಕಾರ, ಇದು ಹಾರೋ ಹದ್ದು ಆತಲ್ರಿ."

"ಅಂದ್ರ?"

"ಎರಡೂ ರೆಕ್ಕಿ ಸಮ ತಗದೀರಿ. ಇದರ ಎಡಗಡೆದು ಜೋತ ಬಿದ್ದೈತಿ ನೋಡ್ರಿ."

ಹೌದು, ಜೋತ ಬಿದ್ದಿತ್ತು. ಒಂದು ತಾಸು ಎದುರಿಗೆ ಕುಂತು, ನಾ ನೋಡಿದ್ದು ನನ್ನ ತಲಿಯಾಗಿನ ಹದ್ದನ್ನ.

ಕಾರ ಹುಣ್ಣಿಮಿಗೆ ಹಾರಿಸೋ ಗಾಳಿಪಟದ ಮಾಂಜಾ, ಗಾಜಿನ ಪುಡಿ ಹಚ್ಚಿದ ದಾರಾ, ತಾಗಿತ್ತಂತ. ಹೆಗಲಿಂದ ಮಣಿಕಟ್ಟಿನ ತನಕ ರೆಕ್ಕಿ ಮುಂದಿನ ಅಂಚಿಗೆ ಇರೋ ಚರ್ಮ ಕೊಯ್ದಿತ್ತಂತ. "ಗಾಯ ಕೂಡ್ತರಿ, ಆದ್ರ ರೆಕ್ಕಿ ಪೂರಾ ಬಿಚ್ಚಾಕ ಬರವಲ್ದು. ಹೊರಗ ಬಿಟ್ರ ಉಪಾಸ ಸಾಯ್ತೈತಿ. ನನ್ನ ಮಗನ ಕೈಯಾಗಿನ ದಾರಾ ಅವತ್ತ ಕಸಗೊಂಡೆ ನೋಡ್ರಿ, ಮೂರ ದಿನ ಮಾತ ಬಿಟ್ಟಿದ್ದ."

ನಾ ಏನೂ ಅನ್ನಲಿಲ್ಲ. ಸಣ್ಣಾಕಿ ಇದ್ದಾಗ ಧಾರವಾಡದಾಗ ನಮ್ಮಣ್ಣ ಒಡದ ಟ್ಯೂಬ್‌ಲೈಟ್ ಕುಟ್ಟಿ ಮಾಂಜಾ ಮಾಡುವಾಗ ದಾರಾ ಬಿಗಿಯಾಗಿ ಹಿಡಕೊಂಡು ನಿಂತಾಕಿ ನಾನ.

ರಬ್ಬರ್ ತಗೊಂಡು ಎಡಗಡೆ ರೆಕ್ಕಿ ಅಳಿಸಿ, ಬಾಲಕ್ಕಿಂತ ಕೆಳಗ ಜೋತು ಬಿಟ್ಟು ಮತ್ತ ಬರದೆ. ಹಾಳಿ ಒಂದ ಕಡೆ ಕಿತ್ತು ಬಂತು. ತೋರಿಸಿದೆ.

"ರೆಕ್ಕಿ ಸರಿ ಆತ್ರಿ," ಅಂದ್ರು. "ಬಾಲ ಗುಂಡಗ ಮಾಡೀರಿ, ಅದು ಗರುಡಂದು. ಇದರದು ಕವಲ ಬಾಲ."