ನೀಲಿ ಒಣಗಿರಲಿಲ್ಲ

ಬಟ್ಟೆಯ ಚೂರಿನಲ್ಲಿ ನೀಲಿ ಎದ್ದು ಬಂತು. ಅದರ ಬೆನ್ನಿಗೇ ಕೆಳಗಿನ ಬಿಳಿಯೂ ಬಂತು. ಮೇರಿ ಮಾತೆಯ ಭುಜದ ಮೇಲೆ ಅಂಗೈ ಅಗಲ ಜಾಗದಲ್ಲಿ ಬರೀ ಕ್ಯಾನ್ವಾಸ್ ಕಾಣುತ್ತಿತ್ತು. ಮೂರು ವಾರದ ಕೆಲಸ. ಬಟ್ಟೆ ಹಿಡಿದು ಹಾಗೇ ನಿಂತುಬಿಟ್ಟೆ.

ಗೆಳತಿಯೊಬ್ಬಳು ತನ್ನ ಅಮ್ಮನಿಗೆ ಕೊಡಲು ಕೇಳಿದ್ದ ಚಿತ್ರ ಅದು. ಇಟಲಿಯ ಚಿತ್ರಕಾರ ಸಾಸ್ಸೊಫೆರ್ರಾಟೊ (1609-1685) ಬರೆದ, ಪ್ರಾರ್ಥನೆಯಲ್ಲಿರುವ ಮೇರಿಯ ಚಿತ್ರದ ಕಾಪಿ. ಮೂಲ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ದೊಡ್ಡದೇನಲ್ಲ, ಎತ್ತರ 73 ಸೆಂಟಿಮೀಟರ್. ಕಪ್ಪು ಹಿನ್ನೆಲೆ, ಬಿಳಿ ಮುಸುಕು, ಕೆಂಪು ಉಡುಪು, ಮೇಲೆ ನೀಲಿ ಹೊದಿಕೆ. ತಗ್ಗಿಸಿದ ಕಣ್ಣು, ಜೋಡಿಸಿದ ಕೈ. ಮಗು ಇಲ್ಲ, ದೇವದೂತರಿಲ್ಲ. ಇಷ್ಟು ಕಮ್ಮಿ ಇರುವ ಚಿತ್ರ ಸುಲಭ ಅಂತ ಒಪ್ಪಿಕೊಂಡಿದ್ದೆ. ನನ್ನ ತಪ್ಪು ಅಲ್ಲಿಂದಲೇ ಶುರು.

"ಕಾಪಿ ತಾನೇ, ನೋಡಿಕೊಂಡು ಬರೆಯೋದು ಅಲ್ವಾ?" ಎಂದು ಕೇಳುವವರು ತುಂಬಾ ಜನ. ಅವರಿಗೆ ನಾನು ಡಾ ವಿಂಚಿಯ 'ಕೊನೆಯ ಭೋಜನ'ದ ಕಥೆ ಹೇಳುತ್ತೇನೆ. ಮಿಲಾನಿನ ಆ ಗೋಡೆಚಿತ್ರಕ್ಕೆ 1652ರಲ್ಲಿ ಬಾಗಿಲು ಕೊರೆದರು. ಯೇಸುವಿನ ಪಾದಗಳೇ ಹೋದವು. ಆ ಪಾದ ಹೇಗಿತ್ತು ಅಂತ ಇವತ್ತು ನೋಡಬೇಕಾದರೆ ಹಳೆಯ ಕಾಪಿಗಳನ್ನೇ ನೋಡಬೇಕು. ಡಾ ವಿಂಚಿಯ ಶಿಷ್ಯ ಜಾಂಪಿಯೆಟ್ರಿನೊ ಬರೆದದ್ದೆಂದು ಹೇಳುವ, ಸುಮಾರು 1520ರ ಎಣ್ಣೆಬಣ್ಣದ ಕಾಪಿಯಲ್ಲಿ ಅವು ಹಾಗೇ ಉಳಿದಿವೆ. ಇನ್ನು ನನ್ನ ಸಾಸ್ಸೊಫೆರ್ರಾಟೊ? ಅವನು ಇದೇ ಮೇರಿಯನ್ನು ಮತ್ತೆ ಮತ್ತೆ ಬರೆದವನು. ತನ್ನ ಚಿತ್ರವನ್ನು ತಾನೇ ಕಾಪಿ ಮಾಡಿದವನಿಗೆ ನನ್ನ ಮೇಲೆ ಕೋಪ ಬರಲಾರದು, ಅಂತ ಸಮಾಧಾನ ಹೇಳಿಕೊಳ್ಳುತ್ತೇನೆ.

ಕಷ್ಟ ಇದ್ದದ್ದು ನೀಲಿಯಲ್ಲೇ. ಅಲ್ಟ್ರಾಮರೀನ್. ಅವನ ಕಾಲದಲ್ಲಿ ಅದು ಅಫ್ಘಾನಿಸ್ತಾನದ ಬೆಟ್ಟಗಳಿಂದ ಬರುವ ಲಾಜವರ್ದ ಕಲ್ಲು. ಕಲ್ಲನ್ನು ಅರೆದು, ಮೇಣ, ಅಂಟು, ಎಣ್ಣೆಯ ಮುದ್ದೆಗೆ ಸೇರಿಸಿ, ಕ್ಷಾರದ ನೀರಿನಲ್ಲಿ ನಾದಿ ನೀಲಿ ಬಿಡಿಸಬೇಕಿತ್ತು. ಫ್ರಾನ್ಸಿನ ಗಿಮೆ ಎಂಬಾತ ಕೃತಕ ಅಲ್ಟ್ರಾಮರೀನ್ ಮಾಡಿ 1828ರಲ್ಲಿ ಬಹುಮಾನ ಗೆದ್ದ ಮೇಲೆ ನಮ್ಮಂಥವರ ಕೈಗೂ ಆ ಬಣ್ಣ ಸಿಕ್ಕಿತು. ನನ್ನದು ಟ್ಯೂಬಿನ ನೀಲಿ. ಅದೂ ಸಾಲದೆಂಬಂತೆ, ಒಂದು ಸ್ಕ್ರೀನಿನಲ್ಲಿ ಮೂಲ ಚಿತ್ರ ನೇರಳೆಗೆ ತಿರುಗಿದರೆ ಇನ್ನೊಂದರಲ್ಲಿ ಹಸಿರಿಗೆ. ಯಾವುದನ್ನು ನಂಬೋದು?

ಮೊದಲು ಹೊದಿಕೆಯ ಮಡಿಕೆಗಳ ನೆರಳಿಗೆ ನೀಲಿಯಲ್ಲಿ ಕಪ್ಪು ಬೆರೆಸಿದ್ದೆ. ಬಟ್ಟೆ ಸತ್ತುಹೋಯಿತು, ತೊಯ್ದ ಗೋಣಿಚೀಲದ ಹಾಗೆ. ಆಮೇಲೆ ಹಳೆಯವರ ದಾರಿಗೆ ಬಂದೆ. ಮಡಿಕೆಗಳನ್ನೆಲ್ಲ ಬಿಳಿ, ಬೂದು, ತಿಳಿನೀಲಿಯಲ್ಲೇ ಮುಗಿಸಿ, ಒಣಗಿದ ಮೇಲೆ ಎಣ್ಣೆ ಜಾಸ್ತಿ ಹಾಕಿದ ತೆಳು ನೀಲಿಯನ್ನು ಸವರೋದು. ಬೆಳಕು ನೀಲಿಯನ್ನು ದಾಟಿ ಕೆಳಗಿನ ಬಿಳಿಗೆ ತಾಗಿ ವಾಪಸ್ ಬರುತ್ತದೆ. ಬಣ್ಣದ ಗಾಜಿನ ಹಿಂದೆ ದೀಪ ಇಟ್ಟಂತೆ.

"ಒಣಗಿದ ಮೇಲೆ" ಎನ್ನುವಲ್ಲೇ ಎಡವಿದೆ. ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ. ಟೈಟಾನಿಯಂ ಬಿಳಿಯಂತೂ ಮಹಾ ಸೋಮಾರಿ. ಆ ಬೆಳಗ್ಗೆ ಬೆರಳಿಂದ ಮುಟ್ಟಿ ನೋಡಿದೆ, ಅಂಟಲಿಲ್ಲ. ಖುಷಿಯಲ್ಲಿ ನೀಲಿ ಸವರಿದೆ. ಭುಜದ ಹತ್ತಿರ ಜಾಸ್ತಿಯಾಯಿತು ಅಂತ ಬಟ್ಟೆಯಿಂದ ಒರೆಸಿದೆ. ಕೆನೆ ಕಿತ್ತು ಬಂತು.

ಬೈದುಕೊಂಡೆ. ಗೆಳತಿಗೆ ಫೋನ್ ಮಾಡಿ ಇನ್ನೂ ಒಂದು ತಿಂಗಳು ಬೇಕು ಅಂದೆ. ಕಾರಣ ಹೇಳಲಿಲ್ಲ. ಚಾಕುವಿನಿಂದ ಭುಜವನ್ನು ಪೂರ್ತಿ ಕೆರೆದೆ. ಆಮೇಲೆ ಸುಮ್ನೆ ಕೂರಲಾಗದೆ, ಬಾಕಿ ಇದ್ದ ಕೈಗಳನ್ನು ಎತ್ತಿಕೊಂಡೆ. ಸಿಟ್ಟಿನಲ್ಲೋ ಏನೋ, ಬೆರಳುಗಳು ಒಂದರ ಹಿಂದೊಂದು ಬಂದವು. ಸಂಜೆಯೊಳಗೆ ಎರಡೂ ಕೈ ಮುಗಿದಿತ್ತು.

ಭುಜವನ್ನು ಮತ್ತೆ ಬರೆದು, ಈ ಸಲ ಮೂರು ವಾರ ಮುಟ್ಟದೆ ಬಿಟ್ಟೆ. ಆಮೇಲೆ ನೀಲಿಯನ್ನು ಬ್ರಷ್ಷಿನಲ್ಲಿ ಹಚ್ಚಿ, ಅಂಗೈಯಿಂದ ಮೆಲ್ಲಗೆ ತಟ್ಟಿ ತೆಳು ಮಾಡಿದೆ. ಮಡಿಕೆಯ ಅಂಚು ಒಳಗಿಂದ ಹೊಳೆಯಿತು. ಮೂಲದ ನುಣುಪು ನನಗೆ ಬರಲಿಲ್ಲ, ಓರೆಯಿಂದ ನೋಡಿದರೆ ಬ್ರಷ್ಷಿನ ಗೀರು ಕಾಣುತ್ತದೆ. ಆದರೂ ಆ ನೀಲಿ ಎದುರು ಅರ್ಧ ದಿನ ಕೂತಿದ್ದೆ, ಬೇರೆ ಕೆಲಸ ಮಾಡಲಿಲ್ಲ.

ಚಿತ್ರ ಕೊಡಲು ಹೋದ ದಿನ ಗೆಳತಿಯ ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ನಾನು ಬೇಕೆಂದೇ ಚಿತ್ರವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದೆ, ಭುಜ ಕಾಣಲಿ ಅಂತ. ಅವರು ತುಂಬಾ ಹೊತ್ತು ನೋಡಿದರು.

"ಕೈ ಎಷ್ಟು ಚೆನ್ನಾಗಿದೆ," ಅಂದರು. "ಇದಕ್ಕೇ ತುಂಬಾ ದಿನ ಹಿಡಿದಿರಬೇಕು ಅಲ್ವಾ?"

ಹೌದು ಅಂದೆ.