ಟೊಮೆಟೊ ಮೆತ್ತಗಾಗಿಸುವ ಜೀನ್‌ಗಳು: ಅಳತೆ ಶುರುವಾಗುವುದು ತೋಟದಲ್ಲಿ

ಟೊಮೆಟೊ ಹಣ್ಣಾಗುವಾಗ ಜೀವಕೋಶದ ಗೋಡೆ ಸಡಿಲಿಸುವ ಕಿಣ್ವಗಳ ಜೀನ್‌ಗಳ ಚಟುವಟಿಕೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಲ್ಯಾಬಿಗೆ ಹೊಸದಾಗಿ ಬಂದವರಿಗೆ ಈ ಏರಿಳಿತ ಅಳೆಯುವ ಪಿಸಿಆರ್ ಮಷಿನ್ ಮುಂದೆ ಕೂರುವ ಆತುರ ಇರುತ್ತದೆ. ನಾನು ಮೊದಲು ಅವರನ್ನು ಹಣ್ಣು ಬಿಡಿಸಲು ಕರೆದುಕೊಂಡು ಹೋಗುತ್ತೇನೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗೋಡೆಯಲ್ಲಿ ಇರುವುದೇನು? ಸೆಲ್ಯುಲೋಸ್ ನಾರುಗಳು, ಅವುಗಳ ಜೊತೆ ಹೆಣೆದುಕೊಂಡ ಕ್ಸೈಲೋಗ್ಲುಕಾನ್ ಎಂಬ ಸಕ್ಕರೆ ಸರಪಳಿಯ ಎಳೆಗಳು, ಸುತ್ತ ತುಂಬಿಕೊಂಡ ಪೆಕ್ಟಿನ್. ಜಾಮ್ ಗಟ್ಟಿಯಾಗುವುದು ಇದೇ ಪೆಕ್ಟಿನ್‌ನಿಂದ. ಕಾಯಿ ಬಲಿತು, ಹಣ್ಣು ಮಾಗಿಸುವ ಎಥಿಲೀನ್ ಅನಿಲ ಹೆಚ್ಚಾದಾಗ ಈ ಗೋಡೆ ಬಿಚ್ಚುವ ಜೀನ್‌ಗಳು ಒಟ್ಟೊಟ್ಟಿಗೆ ಎಚ್ಚರವಾಗುತ್ತವೆ. ಅದರಲ್ಲಿ ಪಾಲಿಗ್ಯಾಲಕ್ಟುರೋನೇಸ್, ಅಂದರೆ ನಾವು ಪಿಜಿ ಅನ್ನುವ ಕಿಣ್ವದ ಜೀನ್ ಎಲ್ಲಕ್ಕಿಂತ ಜೋರಾಗಿ ಏರುತ್ತದೆ. ಹಾಗಾಗಿ ಹಣ್ಣು ಮೆತ್ತಗಾಗುವುದಕ್ಕೆ ಅದೇ ಕಾರಣ ಅಂತ ಎಲ್ಲರೂ ನಂಬಿದ್ದರು. ಅಮೆರಿಕದ ಕ್ಯಾಲ್ಜೀನ್ ಕಂಪನಿ ಆ ಜೀನನ್ನು ಅಡಗಿಸಿ 1994ರಲ್ಲಿ ಫ್ಲೇವರ್ ಸೇವರ್ ಎಂಬ ಟೊಮೆಟೊವನ್ನು ಮಾರುಕಟ್ಟೆಗೆ ತಂದಿತು. ಪಿಜಿ ಕಡಿಮೆಯಾಯಿತು ನಿಜ. ಆದರೆ ಹಣ್ಣು ಮೆತ್ತಗಾಗುವುದು ಹೆಚ್ಚೇನೂ ತಪ್ಪಲಿಲ್ಲ. ಮುಂದೆ 2016ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಪೆಕ್ಟೇಟ್ ಲಯೇಸ್ ಎಂಬ ಇನ್ನೊಂದು ಕಿಣ್ವದ ಜೀನನ್ನು ಅಡಗಿಸಿದಾಗ ಹಣ್ಣು ಚೆನ್ನಾಗಿಯೇ ಗಟ್ಟಿ ಉಳಿಯಿತು, ಬಣ್ಣವೂ ಬಂತು. ಜಾಸ್ತಿ ಏರಿದ ಜೀನೇ ಯಜಮಾನ ಅಂತ ಹೇಳುವಂತಿಲ್ಲ. ಅದಕ್ಕೇ ನಮ್ಮಲ್ಲಿ ಜೀನ್ ಅಳೆದ ಹಣ್ಣಿನ ಗಟ್ಟಿತನವನ್ನೂ ಅಳೆಯುತ್ತೇವೆ. ಆ ಸಂಖ್ಯೆ ಇಲ್ಲದೆ ಗ್ರಾಫ್ ತಂದರೆ ನಾನು ಚರ್ಚೆಗೇ ಕೂರುವುದಿಲ್ಲ.

ಈಗ ತೋಟದ ವಿಷಯ. ಅರಾಬಿಡಾಪ್ಸಿಸ್ ಅಂತ ಸಾಸಿವೆ ಜಾತಿಯ ಒಂದು ಪುಟ್ಟ ಗಿಡವಿದೆ. 1990ರಲ್ಲಿ ವಿಜ್ಞಾನಿಗಳಾದ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಅದರ ಬಗ್ಗೆ ಒಂದು ವಿಷಯ ತೋರಿಸಿದರು. ಅದರ ಮೇಲೆ ಸುಮ್ನೆ ನೀರು ಚಿಮುಕಿಸಿದರೂ, ಕೈಯಿಂದ ಮುಟ್ಟಿದರೂ ಅರ್ಧ ಗಂಟೆಯೊಳಗೆ ಕೆಲವು ಜೀನ್‌ಗಳು ಹಲವು ಪಟ್ಟು ಏರುತ್ತವೆ. ಅವುಗಳಲ್ಲಿ ಒಂದು, ಕ್ಸೈಲೋಗ್ಲುಕಾನ್ ಎಳೆಗಳನ್ನು ಕತ್ತರಿಸಿ ಮತ್ತೆ ಜೋಡಿಸುವ ಕಿಣ್ವದ್ದು ಅಂತ ಆಮೇಲೆ ಗೊತ್ತಾಯಿತು. ನಾವು ಎಕ್ಸ್‌ಟಿಎಚ್ ಅಂತ ಕರೆಯುವ ಕುಟುಂಬ ಅದು. ಅದೇ ಜೀನ್ ಚಳಿಗೂ ಸೆಕೆಗೂ ಕತ್ತಲೆಗೂ ಏರುತ್ತದೆ. ನನಗೆ ಇದು ಇಂದಿಗೂ ಬೆರಗು. ಗಿಡವನ್ನು ಮುಟ್ಟಿದರೆ ಅದು ತನ್ನ ಗೋಡೆಯನ್ನೇ ಹೊಂದಿಸಿಕೊಳ್ಳಲು ಶುರು ಮಾಡುತ್ತದೆ!

ಹಾಗಿದ್ದ ಮೇಲೆ ತೊಟ್ಟು ಮುರಿದು, ಕ್ರೇಟಿನಲ್ಲಿ ಕುಲುಕಿಸಿ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ತಂದ ಹಣ್ಣಿನಲ್ಲಿ ನಾವು ಅಳೆಯುವುದು ಹಣ್ಣಾಗುವಿಕೆಯನ್ನೋ, ಪ್ರಯಾಣವನ್ನೋ? ಎರಡೂ ಬೆರೆತಿರುತ್ತವೆ ಅಲ್ವಾ.

ಅದಕ್ಕೆ ಕಿತ್ತ ಜಾಗದಲ್ಲೇ ಹೆಪ್ಪುಗಟ್ಟಿಸಿ ಜೀನ್‌ಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಲು ದ್ರವ ಸಾರಜನಕದ ಡಬ್ಬಿಯನ್ನೇ ಗಿಡದ ಪಕ್ಕಕ್ಕೆ ಒಯ್ಯುತ್ತೇವೆ. ಬಲಿತ ಹಸಿರು ಕಾಯಿಯ ತುದಿಯಲ್ಲಿ, ಅಂದರೆ ತೊಟ್ಟಿನ ಎದುರು ಬದಿಯಲ್ಲಿ, ಮೊದಲ ಸಲ ನಸುಗೆಂಪು ಕಂಡ ದಿನ ಆ ಕಾಯಿಗೆ ಬಣ್ಣದ ದಾರ ಕಟ್ಟುತ್ತೇವೆ. ಮುಂದಿನ ದಿನಗಳ ಲೆಕ್ಕವೆಲ್ಲ ಆ ದಾರದಿಂದ. ಕೀಳುವುದು ಪ್ರತಿ ಸಲ ಒಂದೇ ಹೊತ್ತಿಗೆ. ಬೀಜ ಮತ್ತು ಅದರ ಸುತ್ತಲಿನ ಲೋಳೆಯನ್ನು ತೆಗೆದುಬಿಡುತ್ತೇವೆ. ಆ ಭಾಗ ಹೊರಗಿನ ತಿರುಳಿಗಿಂತ ಮುಂಚೆಯೇ ಹಣ್ಣಾಗಲು ಶುರುವಾಗಿರುತ್ತದೆ, ಬೆರೆಸಿದರೆ ಎರಡರ ಕಥೆಯೂ ಕೆಡುತ್ತದೆ. ತಿರುಳಿನ ತುಂಡು ಮೈನಸ್ 196 ಡಿಗ್ರಿಯ ಸಾರಜನಕಕ್ಕೆ ಬಿದ್ದ ಕೂಡಲೇ ಚಟಪಟ ಅನ್ನುತ್ತದೆ. ಒಬ್ಬರು ಕೀಳಬೇಕು, ಒಬ್ಬರು ಕತ್ತರಿಸಬೇಕು, ಒಬ್ಬರು ಕಿತ್ತ ಹೊತ್ತು ಮತ್ತು ಮುಳುಗಿಸಿದ ಹೊತ್ತು ಎರಡನ್ನೂ ಬರೆಯಬೇಕು. ಒಬ್ಬರೇ ಮೂರೂ ಮಾಡಲು ಹೋಗಬೇಡಿ.

ಲ್ಯಾಬಿನೊಳಗೂ ಪೆಕ್ಟಿನ್ ಬಿಡುವುದಿಲ್ಲ. ಹಣ್ಣು ಮಾಗಿದಷ್ಟೂ ಅದು ಕರಗಿ, ನಾವು ಅಳೆಯಲು ತೆಗೆಯುವ ಆರ್‌ಎನ್‌ಎ, ಅಂದರೆ ಎಚ್ಚರವಾದ ಜೀನ್‌ಗಳ ನಕಲು ಪ್ರತಿಗಳ ಜೊತೆಗೇ ಬರುತ್ತದೆ. ಟ್ಯೂಬಿನ ತಳದಲ್ಲಿ ಲೋಳೆಯಂಥ ಉಂಡೆ ಕಂಡರೆ ಮುಂದಿನ ಹಂತಕ್ಕೆ ಹೋಗಬೇಡಿ, ಮತ್ತೆ ಶುದ್ಧ ಮಾಡಿ. ಇನ್ನೊಂದು ವಿಷಯ, ಎಕ್ಸ್‌ಟಿಎಚ್ ಕುಟುಂಬ ದೊಡ್ಡದು. ಅರಾಬಿಡಾಪ್ಸಿಸ್‌ನಲ್ಲೇ 33 ಜೀನ್‌ಗಳಿವೆ. ಪ್ರೈಮರ್ ಅಂದರೆ ಪಿಸಿಆರ್‌ನಲ್ಲಿ ಯಾವ ಜೀನ್ ಅಳೆಯಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ ತುಣುಕು. ಒಂದನ್ನೊಂದು ಹೋಲುವ ಭಾಗಕ್ಕೆ ಅದನ್ನು ಮಾಡಿದರೆ ಅಕ್ಕ ತಂಗಿಯರನ್ನೆಲ್ಲ ಸೇರಿಸಿ ಅಳೆದ ಹಾಗೆ. ಒಬ್ಬಳು ಏರುವಾಗ ಇನ್ನೊಬ್ಬಳು ಇಳಿಯುತ್ತಿರಬಹುದು.

ಜಾಗವೂ ಮುಖ್ಯ. ನೀರು ಕಡಿಮೆಯಾದಾಗ ಮೆಕ್ಕೆಜೋಳದ ಎಲೆ ಬೆಳೆಯುವುದು ಬಹುಬೇಗ ಕುಗ್ಗುತ್ತದೆ. ಆದರೆ ಬೇರಿನ ತುದಿಯ ಕೆಲವೇ ಮಿಲಿಮೀಟರ್ ಭಾಗ ಉದ್ದವಾಗುತ್ತಲೇ ಹೋಗುತ್ತದೆ. ಅಲ್ಲಿ ಗೋಡೆ ಸಡಿಲಿಸುವ ಎಕ್ಸ್‌ಪ್ಯಾನ್ಸಿನ್ ಪ್ರೋಟೀನ್‌ಗಳ ಕೆಲಸ ಹೆಚ್ಚುತ್ತದೆ. ಇಡೀ ಬೇರನ್ನು ಅರೆದು ಅಳೆದರೆ ಇದು ಕಾಣುವುದೇ ಇಲ್ಲ.

ಮಾವಿನ ಮೇಲೆ ಕೆಲಸ ಮಾಡುವ ಗೆಳೆಯರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮಾವನ್ನು ಕಾಯಿಯಾಗಿಯೇ ಕಿತ್ತು ಹಣ್ಣು ಮಾಡುತ್ತೇವೆ, ಹಾಗಾಗಿ ಕೀಳುವ ಗಾಯ ಎಲ್ಲ ಮಾದರಿಯಲ್ಲೂ ಇರುತ್ತದೆ. ತೀರಾ ತಣ್ಣಗಿನ ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಮಾವು ಸರಿಯಾಗಿ ಮಾಗುವುದೇ ಇಲ್ಲ. ಆಗ ಗೋಡೆಯ ಜೀನ್‌ಗಳು ಇಳಿದಿದ್ದರೆ ಅದನ್ನು ತಳಿಯ ಗುಣ ಅಂತ ಬರೆಯುವ ಮೊದಲು ಆ ಪೆಟ್ಟಿಗೆ ಎಲ್ಲೆಲ್ಲಿ, ಎಷ್ಟು ಡಿಗ್ರಿಯಲ್ಲಿ ಇತ್ತು ಅಂತ ಮಂಡಿಯವರನ್ನು, ಡ್ರೈವರನ್ನು ಕೇಳಿ ಬರೆದುಕೊಳ್ಳಿ.